ತೀರ್ಪು ಬಂದ ಮೇಲೆ ನಡೆದದ್ದು: ಅಮೆರಿಕದ ನಾಗರಿಕ ಹಕ್ಕುಗಳ ಮೊಕದ್ದಮೆಗಳ ಬಗ್ಗೆ ಒಂದು ಚರ್ಚೆ

ಕಾನೂನು ಉಪನ್ಯಾಸಕಿ, ಧಾರವಾಡ (ಚರ್ಚೆಯ ಆರಂಭ)

ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆಯಾಗಿ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಒಮ್ಮತದ ತೀರ್ಪು ಕೊಟ್ಟಿತು. ನಮ್ಮಲ್ಲಿ ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾಗರಿಕ ಹಕ್ಕುಗಳ ಮೊಕದ್ದಮೆಗಳಲ್ಲಿ ನ್ಯಾಯಾಲಯ ಯಾವ ತತ್ವವನ್ನು ಎತ್ತಿಹಿಡಿಯಿತು ಎನ್ನುವುದಕ್ಕಿಂತ, ಅದನ್ನು ಯಾರು, ಯಾವ ಗಡುವಿನೊಳಗೆ, ಯಾರ ಖರ್ಚಿನಲ್ಲಿ ಜಾರಿ ಮಾಡಬೇಕೆಂದು ಹೇಳಿತು ಎನ್ನುವುದೇ ಜನರ ಬದುಕನ್ನು ಹೆಚ್ಚು ನಿರ್ಧರಿಸಿದೆ ಎಂಬುದು ನನ್ನ ವಾದ. ಇದಕ್ಕೆ ಒಪ್ಪದವರೂ ಇಲ್ಲಿರುವುದರಿಂದಲೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಬ್ರೌನ್ ಎಂಬ ಒಂದೇ ಹೆಸರಿನಡಿ ಕ್ಯಾನ್ಸಸ್, ಸೌತ್ ಕ್ಯಾರೊಲಿನಾ, ವರ್ಜಿನಿಯಾ ಮತ್ತು ಡೆಲಾವೇರ್ ರಾಜ್ಯಗಳಿಂದ ಬಂದ ದಾವೆಗಳು ಸೇರಿದ್ದವು. ಸೌತ್ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬಂದ ದಾವೆ ಶುರುವಾದದ್ದು ಒಂದು ಬಸ್ಸಿನ ವಿಷಯಕ್ಕೆ. ಬಿಳಿಯ ಮಕ್ಕಳಿಗಾಗಿ ಅಲ್ಲಿ ಸುಮಾರು 30 ಶಾಲಾ ಬಸ್ಸುಗಳು ಓಡುತ್ತಿದ್ದರೆ ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಪೋಷಕರು ತಾವೇ ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು. ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಪೆಟ್ರೋಲಿನ ಖರ್ಚನ್ನಾದರೂ ಕೊಡಿ ಎಂದು ಶಾಲಾ ಮಂಡಳಿಯನ್ನು ಕೇಳಿದರೆ ಅದಕ್ಕೂ ಇಲ್ಲವೆಂದಿತು. ಲೆವಿ ಪಿಯರ್ಸನ್ ಎಂಬ ರೈತ ಹೂಡಿದ ದಾವೆ, ಅವರು ತೆರಿಗೆ ಕಟ್ಟುವ ಜಮೀನು ಬೇರೆ ಶಾಲಾ ವಲಯಕ್ಕೆ ಸೇರುತ್ತದೆ ಎಂಬ ಕಾರಣಕ್ಕೆ 1948ರಲ್ಲಿ ಬಿದ್ದುಹೋಯಿತು. ಮರುವರ್ಷ ಹಲವು ಪೋಷಕರು ಸೇರಿ ಅರ್ಜಿ ಸಲ್ಲಿಸಿದಾಗ ಮೊದಲ ಹೆಸರು ಹ್ಯಾರಿ ಬ್ರಿಗ್ಸ್ ಅವರದಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಅವರ ಕೆಲಸ ಹೋಯಿತು. ಅವರ ಪತ್ನಿ ಎಲೈಜಾ ಅವರ ಕೆಲಸವೂ ಹೋಯಿತು. ಊರವರನ್ನು ಸಂಘಟಿಸಿದ್ದ ಪಾದ್ರಿ ಜೋಸೆಫ್ ಡಿಲೇನ್ ಅವರ ಮನೆ 1951ರಲ್ಲಿ ಸುಟ್ಟುಹೋಯಿತು. ಸ್ಥಳಕ್ಕೆ ಬಂದ ಅಗ್ನಿಶಾಮಕ ದಳದವರು ಈ ಮನೆ ಪಟ್ಟಣದ ಸರಹದ್ದಿನ ಹೊರಗಿದೆ ಎಂದು ನೋಡುತ್ತ ನಿಂತರು.

ಇಷ್ಟನ್ನೆಲ್ಲ ಸಹಿಸಿ ಗೆದ್ದವರಿಗೆ 1954ರಲ್ಲಿ ಯಾವ ಆದೇಶವೂ ಸಿಗಲಿಲ್ಲ. ಪರಿಹಾರದ ಪ್ರಶ್ನೆಯನ್ನು ನ್ಯಾಯಾಲಯ ಮುಂದಕ್ಕೆ ಹಾಕಿತು. 1955ರ ಮೇ 31ರ ಎರಡನೆಯ ತೀರ್ಪಿನಲ್ಲಿ, ಸ್ಥಳೀಯ ಪರಿಸ್ಥಿತಿಯನ್ನು ನೋಡಿಕೊಂಡು ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಧೀಶರು ಕ್ರಮ ಕೈಗೊಳ್ಳಲಿ ಎಂದು ಹೇಳಿ, ಯಾವ ಗಡುವನ್ನೂ ವಿಧಿಸದೆ ಪ್ರಕರಣಗಳನ್ನು ಹಿಂದಕ್ಕೆ ಕಳುಹಿಸಿತು. ಪರಿಣಾಮವಾಗಿ, ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ 1963-64ರ ಶಾಲಾ ವರ್ಷದ ಹೊತ್ತಿಗೂ ಬಿಳಿಯ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಹೆಚ್ಚುಕಡಿಮೆ ಒಬ್ಬರು ಮಾತ್ರ.

ವರ್ಜಿನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ 1959ರಲ್ಲಿ ತನ್ನ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿಯೇಬಿಟ್ಟಿತು. ಟಾರು ಕಾಗದ ಹೊದಿಸಿದ ತಾತ್ಕಾಲಿಕ ಕೊಠಡಿಗಳಲ್ಲಿ ಪಾಠ ನಡೆಸುವುದನ್ನು ವಿರೋಧಿಸಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ 1951ರಲ್ಲಿ ವಿದ್ಯಾರ್ಥಿಗಳ ಮುಷ್ಕರ ನಡೆಸಿದ್ದು ಇದೇ ಕೌಂಟಿಯಲ್ಲಿ. ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆ ಹುಟ್ಟಿಕೊಂಡಿತು, ಅದರ ಶುಲ್ಕಕ್ಕೆ ಸಾರ್ವಜನಿಕ ಹಣವೂ ಹರಿಯಿತು. ಕಪ್ಪು ಮಕ್ಕಳಲ್ಲಿ ಕೆಲವರು ದೂರದ ನೆಂಟರ ಊರುಗಳಿಗೆ ಹೋಗಿ ಓದಿದರು, ಅನೇಕರ ಓದು ನಿಂತುಹೋಯಿತು. 1964ರ ಗ್ರಿಫಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಗತ್ಯ ಬಿದ್ದರೆ ತೆರಿಗೆ ವಿಧಿಸಿಯಾದರೂ ಶಾಲೆ ತೆರೆಯುವಂತೆ ಕೌಂಟಿಗೆ ಆಜ್ಞೆ ಮಾಡಬಹುದು ಎಂದಿತು. ಹತ್ತು ವರ್ಷಗಳ ಹಿಂದೆ ಬೇಕಿದ್ದದ್ದು ಇಂಥ ಭಾಷೆ.

ನಿವೃತ್ತ ವಕೀಲ, ಮೈಸೂರು

ಮೇಡಂ, ನೀವು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ, ಆದರೆ ತೂಕ ಹಾಕಿದ ರೀತಿಯನ್ನು ಒಪ್ಪುವುದಿಲ್ಲ. ಡಿಕ್ರಿ ಸಿಗುವುದೇ ಬೇರೆ, ಅಮಲ್ಜಾರಿ ಆಗುವುದೇ ಬೇರೆ ಎಂಬುದು ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಒಂದು ಗುಂಟೆ ಜಾಗಕ್ಕಾಗಿ ಹೋರಾಡಿದ ಕಕ್ಷಿದಾರನಿಗೂ ತಿಳಿದ ಸತ್ಯ. ಆದರೆ ಡಿಕ್ರಿಯೇ ಇಲ್ಲದಿದ್ದರೆ ಅಮಲ್ಜಾರಿ ಅರ್ಜಿ ಹಾಕುವುದು ಯಾವುದರ ಮೇಲೆ? ನ್ಯಾಯಾಲಯದ ಕೈಯಲ್ಲಿ ಪೊಲೀಸರೂ ಇಲ್ಲ, ಖಜಾನೆಯೂ ಇಲ್ಲ. ಒಂಬತ್ತು ನ್ಯಾಯಮೂರ್ತಿಗಳನ್ನು ಒಂದೇ ಅಭಿಪ್ರಾಯಕ್ಕೆ ತರಲು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಎಷ್ಟು ಶ್ರಮಪಟ್ಟರೆಂಬುದನ್ನು ಗಮನಿಸಿದರೆ, 1954ರಲ್ಲೇ ಗಡುವು ಹಾಕಲು ಹೊರಟಿದ್ದರೆ ಆ ಒಮ್ಮತವೇ ಮುರಿದು ಬೀಳಬಹುದಿತ್ತು ಎನಿಸುತ್ತದೆ.

ಇನ್ನೊಂದು ಸಂಗತಿ ನಿಮ್ಮ ಬರಹದಲ್ಲಿ ಬಿಟ್ಟುಹೋಗಿದೆ. ಬ್ರೌನ್ ಆಕಾಶದಿಂದ ಉದುರಿದ್ದಲ್ಲ. ಕಪ್ಪು ಜನರ ಪರ ವಾದಿಸುತ್ತಿದ್ದ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಅವರ ಶಿಷ್ಯ ಥರ್ಗುಡ್ ಮಾರ್ಷಲ್ ಸುಮಾರು ಇಪ್ಪತ್ತು ವರ್ಷ ಒಂದೊಂದೇ ಕಲ್ಲನ್ನು ಕಿತ್ತರು. 1938ರಲ್ಲಿ ಮಿಸೌರಿಯ ಲಾಯ್ಡ್ ಗೇನ್ಸ್ ಪ್ರಕರಣ, 1950ರಲ್ಲಿ ಟೆಕ್ಸಾಸಿನ ಹೀಮನ್ ಸ್ವೆಟ್ ಪ್ರಕರಣ (ಇಬ್ಬರೂ ಕಾನೂನು ಓದಲು ಪ್ರವೇಶ ಕೇಳಿದವರು), ಅದೇ ದಿನ ಒಕ್ಲಹೋಮಾದ ಜಾರ್ಜ್ ಮೆಕ್‌ಲಾರಿನ್ ಪ್ರಕರಣ. ಆಗಲೇ ಮೇಷ್ಟ್ರಾಗಿ ಅನುಭವವಿದ್ದ ಮೆಕ್‌ಲಾರಿನ್ ಡಾಕ್ಟರೇಟ್ ಮಾಡಲು ಬಂದವರು. ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು, ಆದರೆ ತರಗತಿಗೆ ಅಂಟಿಕೊಂಡ ಪಕ್ಕದ ಕೋಣೆಯಲ್ಲಿ ಕುಳಿತು ಪಾಠ ಕೇಳಬೇಕು, ಗ್ರಂಥಾಲಯದಲ್ಲಿ ಎಲ್ಲರೂ ಕೂರುವ ಕಡೆ ಕೂರದೆ ಮಹಡಿಯಂಚಿನ ಒಂದು ಮೇಜಿನಲ್ಲಿ ಓದಬೇಕು, ಕ್ಯಾಂಟೀನಿನಲ್ಲಿ ಬೇರೆ ಹೊತ್ತಿನಲ್ಲಿ ಬೇರೆ ಮೇಜಿನಲ್ಲಿ ಉಣ್ಣಬೇಕು ಎಂಬ ಷರತ್ತುಗಳ ಮೇಲೆ. ಮೇಷ್ಟ್ರುಗಳು ಅವರೇ, ಪುಸ್ತಕಗಳು ಅವೇ, ಆದರೂ ಇದು ಸಮಾನತೆಯಲ್ಲ ಎಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದ ಕ್ಷಣದಲ್ಲೇ, ಪ್ರತ್ಯೇಕವಾಗಿಟ್ಟರೂ ಸಮಾನವಾಗಿಡಬಹುದು ಎಂಬ 1896ರ ಪ್ಲೆಸ್ಸಿ ತೀರ್ಪಿನ ಬುಡ ಅಲ್ಲಾಡಿತು. ತತ್ವವನ್ನು ಹೀಗೆ ಹದ ಮಾಡದೆ ಹೋಗಿದ್ದರೆ ನೀವು ಕೇಳುವ ಗಡುವಿಗೆ ಆಧಾರವೇ ಇರುತ್ತಿರಲಿಲ್ಲ.

ಇತಿಹಾಸ ಮೇಷ್ಟ್ರು, ಶಿವಮೊಗ್ಗ

ವಕೀಲರೇ, ಪ್ಲೆಸ್ಸಿಯ ಬುಡ ಅಲ್ಲಾಡಿಸಿದ ಕೀರ್ತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ, ಅದನ್ನು ನೆಟ್ಟಿದ್ದೂ ಅದೇ ನ್ಯಾಯಾಲಯ ಎಂಬುದನ್ನು ಮರೆಯಬಾರದು. ಹೋಟೆಲು, ರೈಲು, ನಾಟಕಶಾಲೆಗಳಲ್ಲಿ ಭೇದ ಮಾಡಬಾರದೆಂದು ಅಮೆರಿಕದ ಸಂಸತ್ತು 1875ರಲ್ಲೇ ಕಾಯ್ದೆ ಮಾಡಿತ್ತು. ಎಂಟು ವರ್ಷಗಳ ನಂತರ, ಕಾನೂನಿನ ಸಮಾನ ರಕ್ಷಣೆಯ ಭರವಸೆ ಕೊಡುವ ಸಂವಿಧಾನದ 14ನೇ ತಿದ್ದುಪಡಿ ರಾಜ್ಯ ಸರ್ಕಾರಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿಯವರನ್ನಲ್ಲ ಎಂದು ಹೇಳಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. ಅದೇ ಬಗೆಯ ರಕ್ಷಣೆ ಮತ್ತೆ ಬರಲು 1964ರವರೆಗೆ ಕಾಯಬೇಕಾಯಿತು.

ಉಪನ್ಯಾಸಕಿಯವರ ವಾದಕ್ಕೆ ಬ್ರೌನ್‌ಗಿಂತ ಗಟ್ಟಿಯಾದ ಸಾಕ್ಷಿ 1903ರ ಜೈಲ್ಸ್ ಪ್ರಕರಣ ಎಂದು ನನಗೆ ತೋರುತ್ತದೆ. ಅಲಬಾಮಾ ರಾಜ್ಯ 1901ರಲ್ಲಿ ಹೊಸ ಸಂವಿಧಾನವನ್ನು ಮಾಡಿಕೊಂಡು ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. ಮಾಂಟ್ಗಮರಿಯ ಜ್ಯಾಕ್ಸನ್ ಜೈಲ್ಸ್ ತಮ್ಮಂಥ ಸಾವಿರಾರು ಜನರ ಪರವಾಗಿ ದಾವೆ ಹೂಡಿದರು. ಬಹುಮತದ ತೀರ್ಪನ್ನು ಬರೆದವರು ಆಲಿವರ್ ವೆಂಡೆಲ್ ಹೋಮ್ಸ್. ಕಾನೂನು ತರಗತಿಗಳಲ್ಲಿ ಇಂದಿಗೂ ಭಕ್ತಿಯಿಂದ ನೆನೆಯುವ ಹೆಸರು. ಅವರ ತರ್ಕದ ಸಾರ ಇದು: ಇಡೀ ನೋಂದಣಿ ವ್ಯವಸ್ಥೆಯೇ ಮೋಸದ್ದು ಎಂದು ವಾದಿ ಹೇಳುತ್ತಿರುವಾಗ ಅದೇ ಮೋಸದ ಪಟ್ಟಿಗೆ ಅವರ ಹೆಸರನ್ನು ಸೇರಿಸಿ ಎಂದು ನಾವು ಹೇಗೆ ಆಜ್ಞೆ ಮಾಡುವುದು, ರಾಜ್ಯದ ಬಿಳಿಯ ಜನಸಮೂಹವೇ ಇವರನ್ನು ದೂರವಿಡಲು ನಿಶ್ಚಯಿಸಿದ್ದರೆ ಪಟ್ಟಿಯಲ್ಲಿ ಹೆಸರಿದ್ದೂ ಏನು ಪ್ರಯೋಜನ, ಪರಿಹಾರ ಬೇಕಿದ್ದರೆ ಆ ರಾಜ್ಯದ ಜನರನ್ನೋ ಕೇಂದ್ರದ ರಾಜಕೀಯ ಅಂಗಗಳನ್ನೋ ಕೇಳಿಕೊಳ್ಳಲಿ. ಮತದ ಹಕ್ಕನ್ನು ಕಳೆದುಕೊಂಡವನಿಗೆ ಮತದಿಂದಲೇ ಪರಿಹಾರ ಪಡೆ ಎಂದು ಹೇಳಿದ ಹಾಗಾಯಿತು. ಅನ್ಯಾಯ ನಡೆದಿಲ್ಲ ಎಂದು ಹೋಮ್ಸ್ ಹೇಳಲಿಲ್ಲ, ನಮ್ಮಿಂದ ಏನೂ ಮಾಡಲಾಗದು ಎಂದರು. ಮುಂದಿನ ಅರವತ್ತು ವರ್ಷ ದಕ್ಷಿಣದ ರಾಜಕೀಯ ಈ ಕೈಚೆಲ್ಲುವಿಕೆಯ ಮೇಲೆಯೇ ನಿಂತಿತ್ತು.

ಓದುಗ, ದಾವಣಗೆರೆ

ನೀವೆಲ್ಲ ನ್ಯಾಯಾಲಯದ ಒಳಗೇ ಸುತ್ತುತ್ತಿದ್ದೀರಿ. ಮಾಂಟ್ಗಮರಿಯ ಜನ 381 ದಿನ ಬಸ್ಸು ಹತ್ತದೆ ನಡೆದರು. ರೋಸಾ ಪಾರ್ಕ್ಸ್ ಅವರ ಬಂಧನದಿಂದ ಶುರುವಾದ ಆ ಬಹಿಷ್ಕಾರದಲ್ಲಿ ಗೆದ್ದದ್ದು ಜನರ ಕಾಲು, ವಕೀಲರ ಕೋಟಲ್ಲ.

ಕಾನೂನು ಉಪನ್ಯಾಸಕಿ, ಧಾರವಾಡ

ಮಾತು ಚೆನ್ನಾಗಿದೆ, ಆದರೆ ಮಾಂಟ್ಗಮರಿಯ ಬಹಿಷ್ಕಾರ ಮುಗಿದ ಬಗೆಯನ್ನು ಒಮ್ಮೆ ನೋಡಿ. ಬಸ್ಸುಗಳಲ್ಲಿ ಭೇದವನ್ನು ಕೊನೆಗಾಣಿಸಿದ ಬ್ರೌಡರ್ ಪ್ರಕರಣದಲ್ಲಿ ರೋಸಾ ಪಾರ್ಕ್ಸ್ ವಾದಿಯೇ ಅಲ್ಲ. ಅವರ ಮೇಲಿದ್ದ ಕ್ರಿಮಿನಲ್ ಮೊಕದ್ದಮೆ ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಬೀಳುತ್ತದೆ ಎಂದು ತಿಳಿದಿದ್ದ ವಕೀಲ ಫ್ರೆಡ್ ಗ್ರೇ, ಔರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್ ಮತ್ತು ಮೇರಿ ಲೂಯಿಸ್ ಸ್ಮಿತ್ ಎಂಬ ನಾಲ್ವರು ಮಹಿಳೆಯರ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ಬೇರೆಯೇ ದಾವೆ ಹೂಡಿದರು. ಕಾಲ್ವಿನ್, ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಆಸನ ಬಿಟ್ಟುಕೊಡದೆ ಬಂಧನಕ್ಕೆ ಒಳಗಾಗಿದ್ದ ಹುಡುಗಿ. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಈ ಮಹಿಳೆಯರ ಪರ ಇದ್ದ ತೀರ್ಪನ್ನು ಎತ್ತಿಹಿಡಿಯಿತು. ಬಹಿಷ್ಕಾರ ಅಂದೇ ನಿಲ್ಲಲಿಲ್ಲ. ಆದೇಶದ ಪ್ರತಿ ಊರಿಗೆ ತಲುಪುವವರೆಗೆ, ಅಂದರೆ ಡಿಸೆಂಬರ್ 20ರವರೆಗೆ, ಜನ ನಡೆಯುತ್ತಲೇ ಇದ್ದರು. ತೀರ್ಪಿಗೂ ಆದೇಶಕ್ಕೂ ಇರುವ ವ್ಯತ್ಯಾಸವನ್ನು ಮಾಂಟ್ಗಮರಿಯವರು ನಮ್ಮೆಲ್ಲರಿಗಿಂತ ಚೆನ್ನಾಗಿ ಅರಿತಿದ್ದರು. ಜನರ ಒತ್ತಡವಿಲ್ಲದೆ ದಾವೆ ನಿಲ್ಲುತ್ತಿರಲಿಲ್ಲ ಎಂಬುದೂ ನಿಜವೇ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳುವ ಅಗತ್ಯ ನನಗೆ ಕಾಣುವುದಿಲ್ಲ.

ವಕೀಲರಿಗೂ ಒಂದು ಉತ್ತರ. ಶಾಲೆಗಳ ಬಾಗಿಲು ನಿಜವಾಗಿ ತೆರೆದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ನಂತರ. ಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣವಿಲ್ಲ ಎಂದು ಆ ಕಾಯ್ದೆಯ ಆರನೇ ಅಧ್ಯಾಯ ಹೇಳಿತು. ಮರುವರ್ಷವೇ ಶಾಲೆಗಳಿಗೆ ಕೇಂದ್ರದಿಂದ ದೊಡ್ಡ ಮೊತ್ತದ ಅನುದಾನ ಕೊಡುವ ಇನ್ನೊಂದು ಕಾಯ್ದೆ ಬಂತು. ಕಳೆದುಕೊಳ್ಳಲು ಹಣವಿದೆ ಎಂದಾದ ಮೇಲೆ ಶಾಲಾ ಮಂಡಳಿಗಳ ತತ್ವನಿಷ್ಠೆ ಬೇಗ ಸಡಿಲವಾಯಿತು. ಆಮೇಲೆ 1968ರ ಗ್ರೀನ್ ತೀರ್ಪು. ವರ್ಜಿನಿಯಾದ ನ್ಯೂ ಕೆಂಟ್ ಕೌಂಟಿಯಲ್ಲಿದ್ದದ್ದು ಎರಡೇ ಶಾಲೆ, ಯಾವುದನ್ನಾದರೂ ಆರಿಸಿಕೊಳ್ಳಿ ಎಂಬ ಯೋಜನೆ. ಮೂರು ವರ್ಷವಾದರೂ ಒಂದೇ ಒಂದು ಬಿಳಿಯ ಮಗು ಕಪ್ಪು ಮಕ್ಕಳ ಶಾಲೆಗೆ ಹೋಗಲಿಲ್ಲ, ಕಪ್ಪು ಮಕ್ಕಳಲ್ಲಿ ನೂರಕ್ಕೆ 85ರಷ್ಟು ಹಳೆಯ ಶಾಲೆಯಲ್ಲೇ ಉಳಿದರು. ಭೇದವನ್ನು ಬೇರುಸಮೇತ ಕೀಳುವ ಹೊಣೆ ಮಂಡಳಿಯದೇ ಹೊರತು ಮಕ್ಕಳದಲ್ಲ, ಈಗಲೇ ಫಲ ಕೊಡುವ ಯೋಜನೆಯನ್ನು ತನ್ನಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಆಗ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಇಲ್ಲಿರುವ ನಮ್ಮವರಲ್ಲಿ ಅನೇಕರು ಈ ಇತಿಹಾಸವನ್ನು ಬೇರೆ ಯಾರದೋ ಮನೆಯ ವಿಷಯ ಎಂಬಂತೆ ನೋಡುತ್ತಾರೆ. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಕೊಡುತ್ತಿದ್ದ ಕಾಲವೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, 1923ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ನಿರಾಕರಿಸಿತು. ಹಿಂದಿನ ವರ್ಷವಷ್ಟೇ ಜಪಾನಿನ ತಕಾವೊ ಒಜಾವಾ ಅವರಿಗೆ, ಬಿಳಿಯರೆಂದರೆ ಕಕೇಷಿಯನ್ನರು, ನೀವು ಆ ಕುಲದವರಲ್ಲ ಎಂದಿದ್ದ ನ್ಯಾಯಮೂರ್ತಿ ಸದರ್ಲ್ಯಾಂಡ್ ಅವರೇ, ಥಿಂಡ್ ಅವರಿಗೆ, ಪಂಡಿತರ ವರ್ಗೀಕರಣ ಏನೇ ಇರಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದರು. ಥಿಂಡ್ ತಾವು ಮೇಲ್ಜಾತಿಯವರು, ಆರ್ಯರು ಎಂದು ವಾದಿಸಿದ್ದರು ಎಂಬುದನ್ನೂ ಮುಚ್ಚಿಡಬಾರದು. ಆ ಬಾಗಿಲು ಎಲ್ಲರಿಗೂ ತೆರೆಯಲಿ ಎಂದು ಅವರು ಕೇಳಲಿಲ್ಲ. ಈ ತೀರ್ಪನ್ನಂತೂ ಸರ್ಕಾರ ತಡಮಾಡದೆ ಜಾರಿ ಮಾಡಿತು: ಆಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲು ಮೊಕದ್ದಮೆಗಳು ನಡೆದವು. ಹಾಗೆ ಪೌರತ್ವ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಾಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

1946ರಲ್ಲಿ ಭಾರತೀಯರಿಗೆ ಪೌರತ್ವ ಸಾಧ್ಯವಾಯಿತಾದರೂ ವರ್ಷಕ್ಕೆ 100 ಮಂದಿಗಷ್ಟೇ ವಲಸೆಗೆ ಅವಕಾಶವಿತ್ತು. ಆ ಗೋಡೆ ಒಡೆದದ್ದು 1965ರ ವಲಸೆ ಕಾಯ್ದೆಯಿಂದ. ಮತದ ಹಕ್ಕು ಕೇಳಿ ನಡೆದು ಅಲಬಾಮಾದ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟು ತಿಂದವರು ಕಟ್ಟಿದ ವಾತಾವರಣದಲ್ಲೇ, ಅದೇ ಸಂಸತ್ತು ಅದನ್ನು ಅಂಗೀಕರಿಸಿತು. ನಾವು ಇಲ್ಲಿ ಮನೆ ಮಾಡಿ ಕನ್ನಡ ಸಂಘ ಕಟ್ಟಿಕೊಂಡು ಯುಗಾದಿ ಆಚರಿಸುತ್ತಿರುವುದಕ್ಕೆ ಅವರ ಋಣವಿದೆ ಎಂದರೆ ಸಂಘದ ಸಭೆಗಳಲ್ಲಿ ಕೆಲವರು ಮುಖ ತಿರುಗಿಸುತ್ತಾರೆ.

ಒಂದು ಪ್ರಶ್ನೆ. ನೀವೆಲ್ಲ ದಕ್ಷಿಣದ ಮಾತನ್ನೇ ಆಡುತ್ತಿದ್ದೀರಿ. ಭೇದದ ಕಾಯ್ದೆಯೇ ಇಲ್ಲದ ಉತ್ತರದ ನಗರಗಳಲ್ಲಿ ಶಾಲೆಗಳು ಇಂದಿಗೂ ಹೀಗೆ ಬೇರೆ ಬೇರೆ ಇರುವುದೇಕೆ?

ಕಾನೂನು ಉಪನ್ಯಾಸಕಿ, ಧಾರವಾಡ

ಇದಕ್ಕೆ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು, ಎರಡೂ 5-4ರ ಬಹುಮತದವು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಶಾಲೆಗಳಿಗೆ ಹಣ ಬರುತ್ತಿದ್ದುದು ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ. ಹೆಚ್ಚಾಗಿ ಮೆಕ್ಸಿಕನ್ ಮೂಲದವರಿದ್ದ ಎಡ್ಜ್‌ವುಡ್ ವಲಯದಲ್ಲಿ ತೆರಿಗೆಯ ದರವೇ ಜಾಸ್ತಿ ಇತ್ತು; ಆದರೂ ಪ್ರತಿ ಮಗುವಿಗೆ ಸಿಗುತ್ತಿದ್ದುದು 356 ಡಾಲರ್. ಅದೇ ನಗರದ ಸಿರಿವಂತ ಆಲಮೊ ಹೈಟ್ಸ್ ವಲಯದಲ್ಲಿ 594 ಡಾಲರ್. 1973ರ ರೊಡ್ರಿಗೆಜ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣ ಕೇಂದ್ರ ಸಂವಿಧಾನದಡಿ ಮೂಲಭೂತ ಹಕ್ಕಲ್ಲ ಎಂದು ಹೇಳಿ ಈ ವ್ಯವಸ್ಥೆಯನ್ನು ಉಳಿಸಿತು. ಮರುವರ್ಷದ ಮಿಲಿಕೆನ್ ಪ್ರಕರಣ ಡೆಟ್ರಾಯಿಟಿನದು. ನಗರದ ಶಾಲೆಗಳಲ್ಲಿ ಭೇದ ನಡೆದಿದೆ ಎಂದು ಕಂಡುಕೊಂಡ ನ್ಯಾಯಾಧೀಶ ಸ್ಟೀಫನ್ ರಾತ್, ಬಿಳಿಯರು ಉಪನಗರಗಳಿಗೆ ಸರಿದುಹೋಗಿರುವಾಗ ನಗರದೊಳಗೆ ಮಾತ್ರ ಮಕ್ಕಳನ್ನು ಬೆರೆಸಿ ಪ್ರಯೋಜನವಿಲ್ಲವೆಂದು ಸುತ್ತಲಿನ 53 ಉಪನಗರ ವಲಯಗಳನ್ನೂ ಯೋಜನೆಗೆ ಸೇರಿಸಿದ್ದರು. ಉಪನಗರಗಳ ತಪ್ಪು ಸಾಬೀತಾಗದೆ ಅವುಗಳ ಮೇಲೆ ಪರಿಹಾರವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಬ್ರೌನ್ ಗೆದ್ದುಕೊಟ್ಟ ಮಾರ್ಷಲ್ ಅಷ್ಟರಲ್ಲಿ ಅದೇ ಪೀಠದಲ್ಲಿದ್ದರು, ಎರಡರಲ್ಲೂ ಭಿನ್ನ ತೀರ್ಪು ಬರೆದರು.

ಹೀಗೆ ಹಣ ವಲಯದ ಗಡಿಯೊಳಗೇ ಉಳಿಯಿತು, ಮಕ್ಕಳೂ ಗಡಿಯೊಳಗೇ ಉಳಿದರು. ಬ್ರೌನ್ ತೀರ್ಪಿನ ಒಂದಕ್ಷರವನ್ನೂ ಇದಕ್ಕಾಗಿ ಅಳಿಸಬೇಕಾಗಲಿಲ್ಲ.

ಓದುಗಿ, ಮಂಗಳೂರು

ವಿಷಯಾಂತರ ಎನಿಸಿದರೆ ಕ್ಷಮಿಸಿ, ಆದರೆ ನಮ್ಮೂರಿನ ಕೊಂಡಿಯೊಂದು ಇಲ್ಲಿ ನೆನಪಾಗುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಕೆಲಸದ ಅವಧಿ, ಕೂಲಿಗಳಂಥ ವಿಷಯಗಳಲ್ಲಿ ಬಂದ ಜನಹಿತದ ಕಾಯ್ದೆಗಳನ್ನು ನ್ಯಾಯಾಲಯಗಳು ಹೊಡೆದುಹಾಕಲು ದಾರಿ ಮಾಡಿಕೊಟ್ಟ ವಿಧಿಯನ್ನು ನೀವು ತೆಗೆದುಕೊಳ್ಳಬೇಡಿ ಎಂದು ಸಲಹೆ ಕೊಟ್ಟರು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ನಮ್ಮ 21ನೇ ವಿಧಿಯ ಮಾತುಗಳು ಈಗಿರುವಂತೆ ಇರುವುದಕ್ಕೆ ಆ ಭೇಟಿ ಒಂದು ಕಾರಣ. ಆ ಎಚ್ಚರಿಕೆಯ ಬೆಲೆಯನ್ನು ನಾವು ಕಾಯ್ದೆ ಹೇಳಿದ ವಿಧಾನ ನ್ಯಾಯವಾದುದೇ ಎಂದು ಕೋರ್ಟು ಪರಿಶೀಲಿಸುವಂತಿಲ್ಲ ಎಂದ 1950ರ ಗೋಪಾಲನ್ ತೀರ್ಪಿನಲ್ಲಿ ತೆತ್ತೆವು. 1978ರ ಮೇನಕಾ ಗಾಂಧಿ ಪ್ರಕರಣ ಬಂದು ಅದನ್ನು ತಿದ್ದಬೇಕಾಯಿತು. ನ್ಯಾಯಾಲಯಕ್ಕೆ ಎಷ್ಟು ಅಧಿಕಾರ ಕೊಡಬೇಕು ಎಂಬ ಪ್ರಶ್ನೆ, ಅದು ಯಾರ ಪರ ನಿಲ್ಲುತ್ತದೆ ಎಂಬ ಊಹೆಯ ಮೇಲೆ ನಿಂತಿರುವುದನ್ನು ಮೇಷ್ಟ್ರು ಕೊಟ್ಟ ಉದಾಹರಣೆಗಳೂ ತೋರಿಸುತ್ತವೆ.

ಇತಿಹಾಸ ಮೇಷ್ಟ್ರು, ಶಿವಮೊಗ್ಗ

ವಿಷಯಾಂತರವೇನೂ ಆಗಿಲ್ಲ. ಜೈಲ್ಸ್ ಪ್ರಕರಣದ ಮುಂದಿನ ಭಾಗವನ್ನು ನಾನು ಹೇಳಿರಲಿಲ್ಲ. 1965ರ ಮತದಾನ ಹಕ್ಕುಗಳ ಕಾಯ್ದೆಯ ಐದನೇ ಸೆಕ್ಷನ್, ಭೇದದ ಚರಿತ್ರೆಯಿದ್ದ ರಾಜ್ಯಗಳು ಚುನಾವಣಾ ನಿಯಮವೊಂದನ್ನು ಬದಲಿಸುವ ಮುನ್ನವೇ ಕೇಂದ್ರದ ನ್ಯಾಯ ಇಲಾಖೆಯ ಅಥವಾ ವಾಷಿಂಗ್ಟನ್ನಿನ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕು ಎಂದಿತು. ಅಲ್ಲಿಯವರೆಗೆ ಒಂದು ನಿಯಮವನ್ನು ಕೋರ್ಟು ಹೊಡೆದುಹಾಕುವಷ್ಟರಲ್ಲಿ ರಾಜ್ಯ ಇನ್ನೊಂದನ್ನು ತರುತ್ತಿತ್ತು, ವಾದಿ ಮತ್ತೆ ಮೊದಲಿಂದ ಶುರುಮಾಡಬೇಕಿತ್ತು. ಸಾಬೀತು ಮಾಡುವ ಹೊರೆಯನ್ನು ಈ ಕಾಯ್ದೆ ಮತದಾರನ ಹೆಗಲಿನಿಂದ ಇಳಿಸಿ ಸರ್ಕಾರದ ಹೆಗಲಿಗೆ ಹಾಕಿತು. ಮಿಸಿಸಿಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಕಾಯ್ದೆಗೆ ಮುಂಚೆ ನೂರಕ್ಕೆ 6.7ರಷ್ಟಿದ್ದದ್ದು 1967ರ ಹೊತ್ತಿಗೆ 59.8ಕ್ಕೆ ಏರಿತು. ಯಾವ ತೀರ್ಪೂ ಎರಡು ವರ್ಷದಲ್ಲಿ ಮಾಡದ ಕೆಲಸ ಅದು.

2013ರ ಶೆಲ್ಬಿ ಕೌಂಟಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಯಾವ ರಾಜ್ಯಗಳು ಹೀಗೆ ಒಪ್ಪಿಗೆ ಪಡೆಯಬೇಕು ಎಂದು ಗುರುತಿಸುವ ಸೂತ್ರ ಹಳತಾಗಿದೆ ಎಂದು 5-4ರಿಂದ ಅದನ್ನು ರದ್ದು ಮಾಡಿತು. ಹಕ್ಕನ್ನು ಮುಟ್ಟಲಿಲ್ಲ, ಹೊರೆಯನ್ನು ಮತ್ತೆ ಮತದಾರನ ಹೆಗಲಿಗೆ ದಾಟಿಸಿತು. ಅದುವರೆಗೆ ತಡೆಹಿಡಿಯಲಾಗಿದ್ದ ತನ್ನ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಟೆಕ್ಸಾಸ್ ಅದೇ ದಿನ ಪ್ರಕಟಿಸಿತು. ಆ ಕಾನೂನು ಭೇದದ ಪರಿಣಾಮ ಉಂಟುಮಾಡುತ್ತದೆ ಎಂದು ಐದನೇ ವಲಯದ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ಹೇಳುವಷ್ಟರಲ್ಲಿ 2016ರ ಜುಲೈ ಬಂದಿತ್ತು. ನಡುವೆ ನಡೆದ ಚುನಾವಣೆಗಳನ್ನು ಯಾರೂ ಹಿಂದಕ್ಕೆ ಪಡೆಯಲಾಗಲಿಲ್ಲ.

ನಿವೃತ್ತ ವಕೀಲ, ಮೈಸೂರು

ಮೇಷ್ಟ್ರೇ, ಇದನ್ನು ಓದಿದ ಮೇಲೂ ನನ್ನ ನಿಲುವನ್ನು ಪೂರ್ತಿ ಬಿಡುವುದಿಲ್ಲ, ಆದರೆ ಒಂದು ಪ್ರಕರಣವನ್ನು ಮೇಡಂ ಅವರ ಪಾಲಿಗೆ ಬರೆದುಕೊಳ್ಳಲು ಅಡ್ಡಿಯಿಲ್ಲ. ಅಲಬಾಮಾದ ಜನಸಂಖ್ಯೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಪ್ಪು ಜನರಿದ್ದರೂ, ಅವರು ತಮ್ಮ ಆಯ್ಕೆಯ ಅಭ್ಯರ್ಥಿಯನ್ನು ಗೆಲ್ಲಿಸಬಹುದಾದ ಕ್ಷೇತ್ರ ಏಳರಲ್ಲಿ ಒಂದೇ ಇತ್ತು. ಇದು ಮತದಾನ ಹಕ್ಕುಗಳ ಕಾಯ್ದೆಗೆ ವಿರುದ್ಧವೆಂಬ ಕೆಳ ನ್ಯಾಯಾಲಯದ ನಿಲುವನ್ನು 2023ರ ಜೂನ್‌ನಲ್ಲಿ ಮಿಲಿಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರಿಂದ ಒಪ್ಪಿತು. ರಾಜ್ಯದ ಶಾಸನಸಭೆ ಮತ್ತೆ ಸೇರಿ ಕ್ಷೇತ್ರಗಳ ಹೊಸ ನಕ್ಷೆ ಬರೆಯಿತು. ಅದರಲ್ಲೂ ಅಂಥ ಕ್ಷೇತ್ರ ಒಂದೇ. ಕೆಳ ನ್ಯಾಯಾಲಯದ ಮೂವರು ನ್ಯಾಯಾಧೀಶರು ಈ ಬಾರಿ 1955ರವರಂತೆ ಕಾಯಲಿಲ್ಲ. ನಕ್ಷೆ ಬರೆಯುವ ಕೆಲಸವನ್ನೇ ಶಾಸನಸಭೆಯಿಂದ ಕಿತ್ತುಕೊಂಡು ತಾವು ನೇಮಿಸಿದ ತಜ್ಞರಿಗೆ ಒಪ್ಪಿಸಿ, ಆ ನಕ್ಷೆಯ ಮೇಲೆಯೇ 2024ರ ಚುನಾವಣೆ ನಡೆಯಬೇಕೆಂದು ಆದೇಶಿಸಿದರು. ಆ ನವೆಂಬರ್‌ನಲ್ಲಿ ಅಲಬಾಮಾದಿಂದ ಇಬ್ಬರು ಕಪ್ಪು ಸದಸ್ಯರು ಒಟ್ಟಿಗೆ ಸಂಸತ್ತಿಗೆ ಆಯ್ಕೆಯಾದರು. ಆ ಹೊಸ ಕ್ಷೇತ್ರದ ಗಡಿಯೊಳಗೆ ಜ್ಯಾಕ್ಸನ್ ಜೈಲ್ಸ್ ಅವರ ಮಾಂಟ್ಗಮರಿಯೂ ಸೇರಿತ್ತು.